ಪಿರಮಿಡ್ಡಿನ ಕೆಳಗಿನ ಮೆಟ್ಟಿಲು

ತರೀಕೆರೆಯ ವಸ್ತುಪ್ರದರ್ಶನದಲ್ಲಿ ನಮ್ಮ ಶಾಲೆಗೆ ಮೊದಲ ಬಹುಮಾನ ಬಂತು. ಆ ಬಹುಮಾನದ ಕಪ್ ಈಗಲೂ ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿದೆ. ಹಾಜರಿ ಹಾಕಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ಬಿದ್ದಾಗಲೆಲ್ಲ ಮೈ ಉರಿಯುತ್ತದೆ. 'ಪ್ರಾಚೀನ ಈಜಿಪ್ಟ್: ಜೀವಂತ ಪಿರಮಿಡ್' ಎಂದು ಅದರ ತಳದಲ್ಲಿ ಕೆತ್ತಿಸಿದ್ದಾರೆ. ಮಾರ್ಗದರ್ಶಿ ಶಿಕ್ಷಕಿ ಎಂದು ನನ್ನ ಹೆಸರೂ ಇದೆ. ಉಗುರಿನಿಂದ ಕೆರೆದು ತೆಗೆಯೋಣ ಅನ್ನಿಸಿದ್ದುಂಟು.

ನಾನು ಅಜ್ಜಂಪುರದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮನೆ ಕಡೂರು. ಬೆಳಿಗ್ಗೆ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು. ಎಂಟನೇ ತರಗತಿಗೆ ಈಜಿಪ್ಟ್, ಮೆಸೊಪೊಟೇಮಿಯ, ಚೀನಾ, ಆಮೇಲೆ ಗ್ರೀಕರು, ರೋಮನ್ನರು, ನಡುವೆ ಧರ್ಮಗಳು. ರೋಮ್ ಸಾಮ್ರಾಜ್ಯವನ್ನು ನಾನು ವರ್ಷಕ್ಕೊಮ್ಮೆ ಕಟ್ಟಿ, ಹೇಳಿದ ತಿಂಗಳಿನೊಳಗೆ ಬೀಳಿಸಿ ಮುಗಿಸಬೇಕು. ಒಂದು ವಾರ ಜಾಸ್ತಿ ಬದುಕಲು ಬಿಟ್ಟರೆ ಪಾಠ ಹಿಂದೆ ಬಿತ್ತು ಎಂದು ಕಾಗದ ಬರುತ್ತದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೇಳದೆ ಈ ಕತೆಗೆ ಅರ್ಥವಿಲ್ಲ. ನಾವು ಬೌದ್ಧರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ದೀಕ್ಷೆ ತೆಗೆದುಕೊಂಡರು. ಅದಕ್ಕೆ ಮುಂಚೆ ಊರಿನವರು ನಮ್ಮನ್ನು ಏನೆಂದು ಕರೆಯುತ್ತಿದ್ದರೋ ದೀಕ್ಷೆಯ ನಂತರವೂ ಹಾಗೇ ಕರೆದರು, ಅದು ಬೇರೆ ಮಾತು. ಕಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬುದ್ಧನ ಪಟ ಇದೆ. ಶಾಲೆಯಲ್ಲಿ ಮಾತ್ರ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಯಾವ ಕಡೆಯೋರು ಮೇಡಂ ಎಂದು ಸಹೋದ್ಯೋಗಿಗಳು ಕೇಳಿದಾಗ ಕಡೂರು ಕಡೆ ಅನ್ನುತ್ತಿದ್ದೆ. ಅವರು ಕೇಳುತ್ತಿದ್ದದ್ದು ಊರನ್ನಲ್ಲ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತು ಎಂಬುದು ಅವರಿಗೂ ಗೊತ್ತಿತ್ತು.

ಹೋದ ವರ್ಷ ಬೌದ್ಧ ಧರ್ಮದ ಪಾಠ ಮಾಡಿದ ದಿನ ಮೂರನೇ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ಈಗ ನಮ್ಮ ಕಡೆ ಬೌದ್ಧರು ಯಾರಾದರೂ ಇದ್ದಾರಾ ಮಿಸ್ ಎಂದು ಕೇಳಿದಳು. ನಾನು ಭೂಪಟದ ಕಡೆ ತಿರುಗಿ ಶ್ರೀಲಂಕಾ ತೋರಿಸಿದೆ, ಜಪಾನ್ ತೋರಿಸಿದೆ, ಥಾಯ್ಲೆಂಡ್ ತೋರಿಸಿದೆ. ಕಡೂರು ತೋರಿಸಲಿಲ್ಲ. ಹುಡುಗಿ ಮೂರು ಹೆಸರನ್ನೂ ಬರೆದುಕೊಂಡು ಕೂತಳು. ಅವಳ ಸೋದರಮಾವ ನನ್ನ ಅಪ್ಪನ ಜೊತೆ ಪ್ರತಿ ಹುಣ್ಣಿಮೆಯ ಸಭೆಯಲ್ಲಿ ಕೂರುವವರು. ಒಮ್ಮೆ ಅವಳನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದರಂತೆ, ನಾನು ಆ ದಿನ ಇರಲಿಲ್ಲ. ನನ್ನ ಫೋಟೋವನ್ನು ಅವಳು ನೋಡಿದ್ದಳು. ಬೇಕೆಂದೇ ಕೇಳಿದ್ದಳು, ನನ್ನ ಬಾಯಿಂದ ಒಂದು ಸಲ ಕೇಳಬೇಕು ಎಂದು. ಅಷ್ಟು ಸಣ್ಣ ಆಸೆಗೆ ನಾನು ಜಪಾನ್ ತೋರಿಸಿದ್ದೆ.

ಆ ಹುಡುಗಿಯ ಅಕ್ಷರ ನಮ್ಮ ಶಾಲೆಯಲ್ಲೇ ಮೊದಲು. ಕಪ್ಪು ಹಲಗೆಯ ಮೇಲೆ ದಿನದ ಸುಭಾಷಿತ ಬರೆಯುವುದು ಅವಳೇ. ಕಡೂರಿನ ಗ್ರಂಥಾಲಯದ ಒಂದು ದಪ್ಪ ಪುಸ್ತಕದಿಂದ ನಾನು ಈಜಿಪ್ಟಿನ ಚಿತ್ರಲಿಪಿಯ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ತಂದಿದ್ದೆ. ಉಳಿದವರು ಅದನ್ನು ನೋಡಿ ಹಕ್ಕಿ, ಹಾವು, ಕಣ್ಣು ಎಂದು ನಕ್ಕು ಬಿಟ್ಟರು. ಇವಳು ಒಂದು ವಾರದಲ್ಲಿ ಕಲಿತುಬಿಟ್ಟಳು. ಊಟದ ಬಿಡುವಿನಲ್ಲಿ ಮಕ್ಕಳು ನೋಟ್‌ಬುಕ್ ಹಿಡಿದು ಅವಳ ಮುಂದೆ ಸಾಲು ನಿಲ್ಲುತ್ತಿದ್ದರು, ಒಬ್ಬೊಬ್ಬರ ಹೆಸರನ್ನೂ ಆ ಲಿಪಿಯಲ್ಲಿ ಬರೆದುಕೊಡುತ್ತಿದ್ದಳು. ಹೆಡ್‌ಮಾಸ್ಟರೇ ಒಂದು ದಿನ ತಮ್ಮ ಹೆಸರು ಬರೆಸಿಕೊಂಡು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ತಾಲೂಕು ಮಟ್ಟದ ಪ್ರದರ್ಶನಕ್ಕೆ ಜೀವಂತ ಪಿರಮಿಡ್ ಮಾಡೋಣ ಎಂದದ್ದು ಹೆಡ್‌ಮಾಸ್ಟರು. ಬೆಂಚುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವುದು. ತುದಿಯಲ್ಲಿ ಫೇರೋ, ಅವನ ಕೆಳಗೆ ಪುರೋಹಿತರು, ಆಮೇಲೆ ಲಿಪಿಕಾರ, ಸೈನಿಕರು, ವ್ಯಾಪಾರಿಗಳು, ರೈತರು, ಎಲ್ಲರಿಗಿಂತ ಕೆಳಗೆ ಕಲ್ಲು ಹೊರುವ ಗುಲಾಮರು. ಕಲ್ಲು ಹೊತ್ತವರೆಲ್ಲ ಗುಲಾಮರಲ್ಲ, ಊಟ ಬಟ್ಟೆ ಪಡೆದು ದುಡಿದ ಕೆಲಸಗಾರರೇ ಹೆಚ್ಚು ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಆದರೆ ನಮ್ಮ ಶಾಲೆಗೆ ಗುಲಾಮರೇ ಬೇಕಾಗಿತ್ತು, ನೋಡಲು ಚೆನ್ನಾಗಿರುತ್ತದೆ ಎಂದು.

ಅದೇ ಸಂಜೆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಮಿಸ್, ಲಿಪಿಕಾರ ನಾನಾಗ್ತೀನಿ," ಅಂದಳು.

ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ. ಆಗಲಿ ಅನ್ನಲು ನನಗೆ ಏನು ಅಡ್ಡಿ ಇತ್ತು? ಇಡೀ ಶಾಲೆಗೆ ಗೊತ್ತು, ಆ ಲಿಪಿ ಬರೆಯಲು ಬರುವುದು ಅವಳೊಬ್ಬಳಿಗೇ ಎಂದು. ಆದರೆ ನನ್ನ ತಲೆಯೊಳಗೆ ಮೊದಲು ಹುಟ್ಟಿದ ಮಾತು ಬೇರೆ. ತಮ್ಮೋರಿಗೇ ಕೊಟ್ಟರು ಅಂತಾರೆ. ಯಾರು ಅನ್ನುತ್ತಾರೆ? ನಾನು ಯಾರೆಂದು ಯಾರಿಗೂ ಹೇಳಿರಲೇ ಇಲ್ಲ. ಹೇಳದೆ ಇದ್ದ ಗುಟ್ಟು ಬಯಲಾದೀತು ಎಂಬ ಭಯಕ್ಕೆ ಒಂದು ಮಗುವಿನ ಆಸೆಯನ್ನು ತಡೆಹಿಡಿದೆ. ನೋಡೋಣ ಬಿಡು ಅಂದು ಕಳಿಸಿದೆ.

ಮಾರನೆಯ ದಿನ ತರಗತಿಯಲ್ಲಿ ಒಂದು ನಿಯಮ ಮಾಡಿದೆ. ಯಾರು ಯಾವ ಪಾತ್ರದ ಸಾಮಾನು ಮನೆಯಿಂದ ತರುತ್ತಾರೋ ಆ ಪಾತ್ರ ಅವರಿಗೆ. ನಮ್ಮ ಕಡೆ ಶಾಲೆಗಳಲ್ಲಿ ಇದು ಹೊಸದಲ್ಲ, ಸ್ವಾತಂತ್ರ್ಯ ದಿನಾಚರಣೆಯ ವೇಷಗಳೂ ಹೀಗೇ ಹಂಚಿಹೋಗುತ್ತವೆ. ಶಾಲೆಗೆ ಬಟ್ಟೆ ಹೊಲಿಸುವ ತಾಪತ್ರಯ ತಪ್ಪುತ್ತದೆ, ಟೀಚರ ಮೇಲೆ ದೂರು ಬರುವುದಿಲ್ಲ. ನನ್ನ ಕೈ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ನೀರು ಇನ್ನೆಲ್ಲಿ ಸಿಗುತ್ತಿತ್ತು. ಎಷ್ಟು ನ್ಯಾಯವಂತಳು ನಾನು ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ ಕೂಡ.

ಸಾಮಾನುಗಳು ಬಂದವು. ಪೌರಾಣಿಕ ನಾಟಕದ ಪೆಟ್ಟಿಗೆ ಇರುವ ಮನೆಯ ಹುಡುಗ ಕಿರೀಟ, ಭುಜಕೀರ್ತಿ ತಂದು ಫೇರೋ ಆದ. ಅಂಟಿಸುವ ಮೀಸೆಯನ್ನೂ ತಂದಿದ್ದ, ಅದೂ ಇರಲಿ ಎಂದರು ಹೆಡ್‌ಮಾಸ್ಟರು. ಮಠಕ್ಕೆ ನಡೆದುಕೊಳ್ಳುವ ಮನೆಯವನು ರೇಷ್ಮೆ ಶಲ್ಯ ತಂದು ಪುರೋಹಿತನಾದ. ಟ್ರ್ಯಾಕ್ಟರ್ ಇರುವ ಮನೆಯವರು ವ್ಯಾಪಾರಿಗಳಾದರು. ಗುಲಾಮರಿಗೆ ಒಂದು ಟವೆಲ್ ಸಾಕು. ಕಾಲೊನಿಯ ಐದು ಮಕ್ಕಳು ತಾವಾಗೇ ಎದ್ದು, ನಾವು ಗುಲಾಮ್ರಾಗ್ತೀವಿ ಬಿಡಿ ಮಿಸ್, ಟವೆಲ್ ಐತೆ ಎಂದು ನಗುತ್ತಾ ಮುಂದೆ ಬಂದರು. ನಾನು ಹೆಸರು ಬರೆದುಕೊಂಡೆ. ಯಾರೂ ಯಾರನ್ನೂ ಕೆಳಗೆ ತಳ್ಳಲಿಲ್ಲ. ನನ್ನ ನಿಯಮವೊಂದೇ ಸಾಕಾಯಿತು. ಊರಿನ ಯಾವ ಬೀದಿಯವರು ಎಲ್ಲಿ ಕೂರುತ್ತಾರೋ ಬೆಂಚಿನ ಮೇಲೂ ಹಾಗೇ ಬಂದು ಕೂತರು, ಮತ್ತು ಅದನ್ನು ನಾನು ಈಜಿಪ್ಟ್ ಎಂದು ಕರೆದೆ.

ಹುಡುಗಿ ಮಾತ್ರ ಟವೆಲ್ ತರಲಿಲ್ಲ. ಅವಳು ತಂದದ್ದು ಅಡಿಕೆ ಹಾಳೆ. ಯಾರದೋ ತೋಟದಲ್ಲಿ ಬಿದ್ದಿದ್ದ ಹಾಳೆಗಳನ್ನು ಆರಿಸಿ, ಎರಡು ದಿನ ನೀರಿನಲ್ಲಿ ನೆನೆಸಿ, ಚಪ್ಪಡಿಯ ಕೆಳಗಿಟ್ಟು ಚಪ್ಪಟೆ ಮಾಡಿ, ಒಳಗಿನ ನುಣುಪಾದ ಕಡೆಯನ್ನು ಒರೆಸಿ ಒಣಗಿಸಿದ್ದಳು. ಪಪೈರಸ್ ಅಂದರೆ ಹೀಗೇ ಇದ್ದಿರಬೇಕು ಅನ್ನಿಸುವ ಹಾಗಿತ್ತು. ಕೆರೆಯ ಜೊಂಡು ಕುಯ್ದು ಲೇಖನಿ ಮಾಡಿದ್ದಳು. ದೀಪದ ಕಾಡಿಗೆಗೆ ಜಾಲಿ ಅಂಟು ಕಲಸಿ ಶಾಯಿ. ಆರು ಹಾಳೆಗಳ ತುಂಬ ಸಾಲು ಸಾಲಾಗಿ ಹಕ್ಕಿ, ಹಾವು, ನೀರಿನ ಅಲೆ. ನಾನು ಕಂಡ ಮಕ್ಕಳ ಕೆಲಸಗಳಲ್ಲಿ ಅಂಥದ್ದು ಇನ್ನೊಂದಿಲ್ಲ.

ಅದೇ ದಿನ ಮಂಡಿಯವರ ಮಗನೂ ಬಂದ. ಅವನ ಅಪ್ಪ ತೆಂಗು, ಅಡಿಕೆ ವ್ಯಾಪಾರಸ್ಥರು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಅವನು ತಂದದ್ದು ಕಾಲು ಮಡಚಿ ಕೂತು ಬರೆಯುವ ಹಳೆಯ ತೇಗದ ಡೆಸ್ಕು, ಹಿತ್ತಾಳೆ ಶಾಯಿ ಕುಡಿಕೆ, ಅಂಚಿನ ಬಿಳಿ ಪಂಚೆ. ಅವನೂ ಲಿಪಿಕಾರ ಆಗಬೇಕಂತೆ.

ನನ್ನ ನಿಯಮದಂತೆ ನೋಡಿದರೂ ಹುಡುಗಿ ಸೋತಿರಲಿಲ್ಲ. ಇಬ್ಬರೂ ತಂದಿದ್ದರು, ಬರೆಯಲು ಬರುತ್ತಿದ್ದದ್ದು ಒಬ್ಬಳಿಗೆ. ಹೆಡ್‌ಮಾಸ್ಟರನ್ನು ಕೇಳಿದೆ. ತರೀಕೆರೆಗೆ ಹೋಗಲು ಅಧ್ಯಕ್ಷರೇ ವ್ಯಾನು ಕಳಿಸುತ್ತಿದ್ದಾರೆ ಎಂದು ನೆನಪಿಸಿದರು. "ಅಲ್ದೆ ಈಜಿಪ್ಟಲ್ಲಿ ಲಿಪಿಕಾರ್ರು ಗಂಡಸ್ರೇ ಅಲ್ವಾ ಮೇಡಂ? ತಪ್ಪು ತೋರಿಸ್ಬಾರ್ದು ಕಣ್ರೀ. ಅದ್ರಲ್ಲೇನಿದೆ, ಹುಡುಗ್ರಾಟ," ಎಂದರು. ಫೇರೋನಿಗೆ ನಾಟಕದ ಮೀಸೆ ಅಂಟಿಸುವಾಗ ಬಾರದ ಇತಿಹಾಸದ ಮೇಲಿನ ಕಾಳಜಿ ಅವರಿಗೆ ಆಗ ಬಂತು. ನನಗೂ ಬಾಯಿ ಇತ್ತು. ತಲೆ ಅಲ್ಲಾಡಿಸಿ ಎದ್ದು ಬಂದೆ.

ಹುಡುಗಿಗೆ ಹೇಳಿದಾಗ ಅವಳು ಅಳಲಿಲ್ಲ. ನನ್ನ ಹಾಳೆ ಏನು ಮಾಡಲಿ ಮಿಸ್ ಎಂದಳು. ಅವನ ಡೆಸ್ಕಿನ ಮೇಲೆ ಇಡು, ಶಾಲೆಗೋಸ್ಕರ ಅಲ್ಲವಾ ಎಂದೆ. ಇಟ್ಟಳು. ಮಾರನೆಯ ದಿನ ಟವೆಲ್ ತಂದು ಕೆಳಗಿನ ಬೆಂಚಿನಲ್ಲಿ ಕೂತಳು.

ನನ್ನ ತಾತ ತೋಟಿ ಕೆಲಸ ಮಾಡುತ್ತಿದ್ದರು. ಶಾನುಭೋಗರ ದಫ್ತರದ ಗಂಟನ್ನು ತಲೆಯ ಮೇಲೆ ಹೊತ್ತು ಹಳ್ಳಿಯಿಂದ ತರೀಕೆರೆಯ ಅಮಲ್ದಾರರ ಕಚೇರಿಗೆ ನಡೆಯುವುದು ಅವರ ಕೆಲಸ. ಇಡೀ ಊರಿನ ಜಮೀನಿನ ಕಾಗದ ಆ ಗಂಟಿನಲ್ಲಿ. ಅದನ್ನು ಬಿಚ್ಚುವ ಹಾಗಿಲ್ಲ, ಬಿಚ್ಚಿದರೂ ಅವರಿಗೆ ಓದಲು ಬರುತ್ತಿರಲಿಲ್ಲ. ಕಚೇರಿಯ ಹೊರಗೆ ಬಿಸಿಲಿನಲ್ಲಿ ಕೂತಿದ್ದು, ಸಂಜೆ ಮತ್ತೆ ಹೊತ್ತು ವಾಪಸು. ನಾನು ಓದದೆ ಆಟಕ್ಕೆ ಹೋದಾಗಲೆಲ್ಲ ಅಪ್ಪ ಈ ಗಂಟಿನ ಕತೆ ಹೇಳಿ ನನ್ನನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದರು. ಆ ಕತೆಯಿಂದಲೇ ನಾನು ಟೀಚರಾದೆ. ಟೀಚರಾಗಿ ಮಾಡಿದ್ದೇನು? ಬರೆಯಲು ಬರುವ ಹುಡುಗಿಯ ತಲೆಯ ಮೇಲೆ ಥರ್ಮೊಕೋಲ್ ಕಲ್ಲು ಹೊರಿಸಿದೆ, ಅವಳು ಬರೆದದ್ದನ್ನು ಬರೆಯಲು ಬಾರದವನ ಕೈಗೆ ಕೊಟ್ಟೆ.

ತರೀಕೆರೆಯಲ್ಲಿ ನಮ್ಮ ಪಿರಮಿಡ್ಡಿನ ಮುಂದೆಯೇ ಜನ ಜಾಸ್ತಿ. ತೀರ್ಪುಗಾರರಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಮೇಲಿನಿಂದ ಒಬ್ಬೊಬ್ಬರನ್ನೇ ಮಾತನಾಡಿಸುತ್ತ ಬಂದರು. ಲಿಪಿಕಾರನ ಹತ್ತಿರ ನಿಂತು ಹಾಳೆಗಳನ್ನು ಎತ್ತಿ ನೋಡಿದರು. ಇದನ್ನೆಲ್ಲ ನೀನೇ ಬರೆದೆಯಾ ಎಂದು ಕೇಳಿದರು. ಹುಡುಗ ಹೌದು ಸರ್ ಎಂದ. ಹಾಗೆ ಹೇಳಲು ನಾನೇ ಕಲಿಸಿದ್ದೆ. ಹಾಗಾದರೆ ನನ್ನ ಮೊಮ್ಮಗಳ ಹೆಸರು ಬರೆದುಕೊಡು ಎಂದು ಅವರು ತಮ್ಮ ಕೈಲಿದ್ದ ಒಂದು ಖಾಲಿ ಕಾಗದವನ್ನು ಮುಂದಿಟ್ಟರು.

ಹುಡುಗನ ಲೇಖನಿ ಶಾಯಿಯಲ್ಲಿ ಅದ್ದಿದ್ದು ಅದ್ದಿದ ಹಾಗೇ ನಿಂತಿತು. ಅವನು ಕೆಟ್ಟವನಲ್ಲ, ಆ ಕ್ಷಣದಲ್ಲಿ ಅವನು ಸಹಾಯಕ್ಕೆ ನೋಡಿದ್ದು ನನ್ನನ್ನಲ್ಲ, ಕೆಳಗಿನ ಬೆಂಚನ್ನು. ಹುಡುಗಿ ಕಲ್ಲನ್ನು ಪಕ್ಕಕ್ಕೆ ಇಟ್ಟಳು. ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಎದ್ದು ನಿಂತಳು. ಅವಳ ಮುಖದಲ್ಲಿ ಜಂಬ ಇರಲಿಲ್ಲ. ಬರೆಯಬೇಕಾದ ಕೆಲಸವೊಂದಿದೆ, ತನಗೆ ಬರುತ್ತದೆ, ಅಷ್ಟೇ.

"ಏಯ್, ಕೂತ್ಕಳೇ," ಅಂದೆ ನಾನು. "ನಿನ್ ಜಾಗ ಬಿಟ್ಟು ಏಳ್ಬೇಡ."

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಬೇರೆ ಯಾರೋ ಹೇಳಿದ್ದರೆ ಅವರ ಜುಟ್ಟು ಹಿಡಿಯುತ್ತಿದ್ದೆ. ನನ್ನ ಹಿಂದಿನವರು ಎಷ್ಟು ತಲೆಮಾರು ಕೇಳಿದ್ದ ಮಾತೋ ಅದು, ಎಲ್ಲಿ ಅಡಗಿ ಕೂತಿತ್ತೋ, ಬೇಕಾದಾಗ ನಾಲಿಗೆಗೆ ತಾನಾಗೇ ಸಿಕ್ಕಿತು. ಹುಡುಗಿ ಕೂತಳು. ಶಾಯಿ ಗಟ್ಟಿಯಾಗಿದೆ ಸರ್, ಆಮೇಲೆ ಬರೆದು ಕಳಿಸುತ್ತೇವೆ ಎಂದು ನಾನು ಹಲ್ಲು ಕಿರಿದೆ. ಮಕ್ಕಳಲ್ಲಿ ಶಿಸ್ತು ಚೆನ್ನಾಗಿದೆ ಮೇಡಂ ಎಂದು ಹೊಗಳಿ ಅವರು ಮುಂದೆ ಹೋದರು. ಮೊದಲ ಬಹುಮಾನ ಬಂತು.

ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ಮನೆ ಹುಡುಕಿಕೊಂಡು ಹೋದೆ. ಅವಳ ಅಮ್ಮ ಅಂಗಳದಲ್ಲಿ ಈರುಳ್ಳಿ ಆಯುತ್ತಿದ್ದಳು, ಯಾರದೋ ಲೋಡು, ಕೂಲಿ ಕೆಲಸ. ಹುಡುಗಿ ಒಳಗಿದ್ದಳು, ಹೊರಗೆ ಬರಲಿಲ್ಲ. ಬಾಗಿಲಿನಿಂದಲೇ ಕಾಣುವ ಹಾಗೆ ಒಳಗಿನ ಗೋಡೆಯಲ್ಲಿ ಬುದ್ಧನ ಪಟ. ನಮ್ಮ ಮನೆಯಲ್ಲಿರುವುದೂ ಅದೇ ಪಟ, ಅದೇ ಚೌಕಟ್ಟು.

ಅಮ್ಮ ಈರುಳ್ಳಿಯಿಂದ ಕೈ ತೆಗೆಯದೆ ಮಾತಾಡಿದಳು. "ನೀವು ನಮ್ಮೋರು ಅಂತ ಇವ್ಳು ಒಂದೇ ಸಮ ಹೇಳೋಳು ಮೇಡಂ. ನಂಗೂ ಖುಷಿನೇ ಆಗಿತ್ತು. ಮೊನ್ನೆ ಬಂದು ನೀವಂದಿದ್ದು ಹೇಳುದ್ಲು. ನಮ್ಮೋರಾಗಿದ್ರೆ ಹಂಗಂತಿರ್ಲಿಲ್ಲ ಕಣೇ, ನೀನ್ ಯಾರ್ನೋ ನೋಡಿ ತಪ್ಪು ತಿಳ್ಕಂಡಿದ್ದೀಯ ಅಂದೆ."

ಅವಳು ತಪ್ಪು ತಿಳಿದುಕೊಂಡಿಲ್ಲ, ನಾನು ನಿಮ್ಮವಳೇ ಎಂದೆ. ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಹೇಳದೆ ಇಟ್ಟುಕೊಂಡಿದ್ದ ಮಾತು, ಕೊನೆಗೆ ಹೇಳಿದ್ದು ಹೀಗೆ, ಕಳ್ಳಿ ಸಿಕ್ಕಿಬಿದ್ದು ಒಪ್ಪಿಕೊಂಡ ಹಾಗೆ. ನನ್ನಿಂದ ತಪ್ಪಾಯಿತು ಎಂದೂ ಹೇಳಿದೆ. ಅವಳು ನನಗಿಂತ ಚಿಕ್ಕವಳು. ಅಕ್ಕ ಅಂದಾಳು ಎಂದು ಒಳಗೊಳಗೇ ಕಾಯುತ್ತಿದ್ದೆ. ಮಗಳನ್ನು ಸೋಮವಾರ ಕಳಿಸುತ್ತೇನೆ ಎಂದಳು, ಎದ್ದು ನೀರು ಕೊಟ್ಟಳು, ಮೇಡಂ ಅಂದೇ ಕರೆದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರುವ ಸಿಟ್ಟೆಲ್ಲ ನನ್ನೊಬ್ಬಳಿಗೇ ಸಲ್ಲಬೇಕಾಗಿತ್ತು.

ಮಾರನೆಯ ಬೆಳಿಗ್ಗೆ ಎಂಟನೇ ತರಗತಿಯಲ್ಲಿ ಬೇರೆ ಪಾಠ ನಿಲ್ಲಿಸಿ ಹೇಳಿದೆ, ಹೋದ ಸಲ ನಾನು ಕೊಟ್ಟ ಉತ್ತರ ಅರ್ಧ, ನಮ್ಮ ಕಡೆಯೂ ಬೌದ್ಧರಿದ್ದಾರೆ, ನಾನೇ ಒಬ್ಬಳು ಎಂದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬ ಪರೀಕ್ಷೆಗೆ ಬರುತ್ತಾ ಎಂದು ಕೇಳಿದ. ಸಂಜೆಯ ಹೊತ್ತಿಗೆ ಸ್ಟಾಫ್ ರೂಮಿಗೂ ಸುದ್ದಿ ಮುಟ್ಟಿತು. ಯಾವ ಕಡೆಯೋರು ಎಂದು ಕೇಳುವುದೊಂದು ನಿಂತುಹೋಯಿತು.

ತಾಲೂಕಿನಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ ಚಿಕ್ಕಮಗಳೂರಿಗೆ ಹೋಗಬೇಕು. ಈ ಸಲ ಲಿಪಿಕಾರ ಹುಡುಗಿಯೇ ಎಂದು ಹೆಡ್‌ಮಾಸ್ಟರಿಗೆ ಖಂಡಿತವಾಗಿ ಹೇಳಿದೆ. ಮಂಡಿಯವರ ಮಗ ತಾನೇ ಬಂದು, ನಂಗೆ ಬ್ಯಾಡ ಮಿಸ್, ಅವ್ಳಿಗೇ ಕೊಡಿ ಎಂದು ವ್ಯಾಪಾರಿಗಳ ಸಾಲಿಗೆ ಹೋದದ್ದರಿಂದ ಅವರು ಗೊಣಗುತ್ತಲೇ ಒಪ್ಪಿದರು. ಎಲ್ಲ ಸರಿಯಾಯಿತು ಎಂದುಕೊಂಡೆ. ಸೋಮವಾರ ಹುಡುಗಿ ಬಂದಳು. ಹೊಸ ಪಟ್ಟಿಯನ್ನು ಅವಳ ಕೈಗೇ ಕೊಟ್ಟೆ, ಅವಳ ಮುಖ ಅರಳುವುದನ್ನು ನೋಡಬೇಕಾಗಿತ್ತು ನನಗೆ.

ಅವಳು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದಳು. ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ತೆರವಾದ ಅವಳ ಜಾಗಕ್ಕೆ ನಾನು ಇನ್ನೊಬ್ಬಳ ಹೆಸರು ಬರೆದಿದ್ದೆ.

"ಇವ್ಳು ನಮ್ ಪಕ್ಕದ್ಮನೆಯೋಳು ಮಿಸ್," ಅಂದಳು.

ಹೌದು. ಕಾಲೊನಿಯ ಏಳನೆಯ ಮಗು, ಪಾತ್ರವಿಲ್ಲದೆ ಉಳಿದಿದ್ದವಳು. ಬರೆಯುವಾಗ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಕ್ಷಮೆ ಕೇಳಿ ಬಂದು, ತರಗತಿಯಲ್ಲಿ ದೊಡ್ಡದಾಗಿ ಹೇಳಿಕೊಂಡು, ಆಮೇಲೆ ಬರೆದ ಪಟ್ಟಿ ಅದು. ಹುಡುಗಿ ಪಟ್ಟಿಯನ್ನು ಮಡಚಿ ವಾಪಸು ಕೊಟ್ಟಳು. ಹಾಗಾದರೆ ತನಗೆ ಬೇಡ ಎಂದಳು.

ಪಟ್ಟಿ ಹಿಡಿದು ಸೀದಾ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಲಿಪಿಕಾರನ ಪಾತ್ರ ಬಿಟ್ಟು ಉಳಿದ ಎಲ್ಲ ಪಾತ್ರಗಳಿಗೂ ಚೀಟಿ ಎತ್ತೋಣ, ಯಾರ ಹೆಸರಿಗೆ ಯಾವ ಮೆಟ್ಟಿಲು ಬರುತ್ತದೋ ಅಲ್ಲಿ ಅವರು ಕೂರಲಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೀಟೀಲಿ ಅಧ್ಯಕ್ಷ್ರ ಮಗನಿಗೆ ಗುಲಾಮ ಬಂದ್ರೆ? ಅವರ್ ಮಗನ್ ತಲೆ ಮೇಲೆ ಕಲ್ಲು ಹೊರ್ಸಿ, ನಾನು ಈ ಊರಲ್ಲಿ ಹೆಂಗ್ರೀ ಓಡಾಡ್ಲಿ?"

ಹುಡುಗರಾಟ ಅಂದಿದ್ದಿರಲ್ಲ ಸರ್ ಎಂದು ಕೇಳಿದೆ. ಇವಳ ತಲೆಯ ಮೇಲೆ ಹೊರಿಸಿದಾಗ ಆಟ, ಅವನ ತಲೆಯ ಮೇಲೆ ಬಂದರೆ ಮಾನ. ಹಾಗಾದರೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ ಎಂದೆ. ಲಿಖಿತವಾಗಿ ಕೊಡಿ ಎಂದರು, ನಿಂತಲ್ಲೇ ಬರೆದುಕೊಟ್ಟೆ. ನಮ್ಮ ಶಾಲೆ ಚಿಕ್ಕಮಗಳೂರಿಗೆ ಹೋಗಲಿಲ್ಲ.

ಹುಡುಗಿಯನ್ನು ವರಾಂಡದಲ್ಲೇ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದೆ, ಹೆಡ್‌ಮಾಸ್ಟರು ಅಂದದ್ದನ್ನೂ ಮುಚ್ಚಿಡಲಿಲ್ಲ. ಇನ್ನು ಅವಳು ಆ ಡೆಸ್ಕಿನ ಮುಂದೆ ಕೂರುವುದಿಲ್ಲ, ಯಾರಿಗೂ ಬರೆದು ತೋರಿಸುವುದಿಲ್ಲ, ಅದು ಮುಗಿದ ಮಾತು. ಅವಳು ಕೊಂಕಿಗೆ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು.

"ಅವ್ನು ಒಂದಿನ ಕಲ್ಲು ಹೊತ್ತಿದ್ರೆ ಏನಾಗೋದು ಮಿಸ್?"

"ಏನೂ ಆಗ್ತಿರ್ಲಿಲ್ಲ ಕಣೇ," ಅಂದೆ. ಪಕ್ಕದಲ್ಲೇ ಹೆಡ್‌ಮಾಸ್ಟರ ಕೋಣೆಯ ಕಿಟಕಿ ತೆರೆದಿತ್ತು. ಅವರಿಗೆ ಕೇಳಲಿ ಎಂದು ಇನ್ನೊಮ್ಮೆ, ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟಿಸುವ ದನಿಯಲ್ಲಿ ಹೇಳಿದೆ.